ಬಾಲಮಂದಿರ, ಫಾಸ್ಟರ್ ಮನೆಗಳ ಮಕ್ಕಳಿಗೆ ಬಹುಮಾನ ಕೊಡಬೇಕು ಅಂತಿದ್ದೇವೆ. ಯಾರನ್ನು, ಹೇಗೆ ಆರಿಸೋದು?

ಮಲೆನಾಡಮಳೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಗೆಳೆಯರ ಬಳಗ ಇದೆ. ಪ್ರತಿವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಅಂಕ ತೆಗೆದವರಿಗೆ ಶಾಲು, ಹಾರ, ಒಂದು ಚೆಕ್ಕು ಕೊಡುತ್ತೇವೆ. ಈ ಸಲ ಬಳಗದ ಹಿರಿಯರೊಬ್ಬರು ಒಂದು ಮಾತು ತೆಗೆದರು. ಅಂಕ ತೆಗೆದವರಿಗೆ ಸಮಾಜದ ಸಂಘದವರು, ಸೊಸೈಟಿಯವರು, ಟ್ಯೂಷನ್ನಿನವರು ಎಲ್ಲರೂ ಕೊಡುತ್ತಾರೆ, ನಾವು ಬಾಲಮಂದಿರದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ, ಫಾಸ್ಟರ್ ಕೇರ್ ಅಂತ ಬೇರೆಯವರ ಮನೆಯಲ್ಲಿರುವ ಮಕ್ಕಳಿಗೆ ಯಾಕೆ ಕೊಡಬಾರದು ಅಂತ. ಎಲ್ಲರೂ ಒಪ್ಪಿದರು. ಆದರೆ ಯಾರಿಗೆ ಕೊಡೋದು ಅನ್ನುವಲ್ಲಿ ಗಾಡಿ ನಿಂತಿದೆ.

ಒಬ್ಬರು ಅಂಕ ನೋಡೋಣ ಅಂತಾರೆ. ಇನ್ನೊಬ್ಬರು ಮಕ್ಕಳ ಹತ್ತಿರ ‘ನನ್ನ ಬದುಕಿನ ಕಥೆ’ ಅಂತ ಪ್ರಬಂಧ ಬರೆಸೋಣ ಅಂತಾರೆ. ನನಗೆ ಎರಡೂ ಸರಿ ಕಾಣುತ್ತಿಲ್ಲ.

ಯಾಕೆ ಅಂದರೆ, ನನಗೆ ಗೊತ್ತಿರುವ ಒಂದು ಮನೆಯಲ್ಲಿ ಫಾಸ್ಟರ್ ಕೇರ್‌ನಲ್ಲಿ ಬಂದ ಹುಡುಗ ಇದ್ದಾನೆ. ಬಂದ ಹೊಸದರಲ್ಲಿ ಊಟ ಆದಮೇಲೂ ಒಂದು ಚಪಾತಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದನಂತೆ. ಓದಿನಲ್ಲಿ ಸುಮಾರು. ಗಣಪತಿ ಹಬ್ಬಕ್ಕೆ ಬೀದಿಯ ಹುಡುಗರು ಚಂದಾ ಎತ್ತುವಾಗ ಲೆಕ್ಕದ ಪುಸ್ತಕ ಇವನ ಕೈಗೆ ಬಂತು. ಇಪ್ಪತ್ತು ರೂಪಾಯಿ ಕೊಟ್ಟವರ ಹೆಸರೂ ಬರೆದ. ಕೊನೆಗೆ ದೊಡ್ಡವರೊಬ್ಬರು ಉಳಿದ ದುಡ್ಡನ್ನು ‘ಇತರೆ ಖರ್ಚು’ ಅಂತ ತೋರಿಸಿಬಿಡು ಮಾರಾಯ ಅಂದರೆ, ‘ಏನು ಖರ್ಚು ಅಂತ ಹೇಳಿ ಅಂಕಲ್, ಬರೆಯುತ್ತೇನೆ’ ಅಂತ ಪೆನ್ನು ಹಿಡಿದು ಕೂತ! ಅಲ್ಲಿದ್ದ ಹುಡುಗರೆಲ್ಲ ಅವನ ಹಿಂದೆ ಬಂದು ನಿಂತರು. ಇದು ನಾಯಕತ್ವ ಅಲ್ವಾ? ಆದರೆ ಇದನ್ನು ಯಾವ ಅರ್ಜಿಯಲ್ಲಿ, ಯಾವ ಕಾಲಮ್ಮಿನಲ್ಲಿ ತುಂಬೋದು?

ಈ ಮಕ್ಕಳ ಜೊತೆ ಕೆಲಸ ಮಾಡಿದವರು, ಅಲ್ಲೇ ಬೆಳೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

---

ಕಿಟಕಿಪಕ್ಕದಸೀಟು

ನಾನು ಹದಿನೆಂಟು ತುಂಬುವವರೆಗೂ ಬಾಲಮಂದಿರದಲ್ಲೇ ಇದ್ದವಳು. ಯಾವ ಊರು ಅಂತ ಬೇಡ.

ಮೊದಲನೇ ಮಾತು, ಆ ‘ಬದುಕಿನ ಕಥೆ’ ಪ್ರಬಂಧವನ್ನು ಇವತ್ತೇ ಕೈಬಿಡಿ. ನಮ್ಮ ಕಥೆಯನ್ನು ನಾವು ಎಷ್ಟು ಜನರಿಗೆ ಹೇಳಿರುತ್ತೇವೆ ಗೊತ್ತಾ? ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಯವರಿಗೆ, ಪ್ರತಿ ಹೊಸ ಸೂಪರಿಂಟೆಂಡೆಂಟ್‌ಗೆ, ಆಪ್ತಸಮಾಲೋಚಕರಿಗೆ, ಹುಟ್ಟುಹಬ್ಬಕ್ಕೆ ಕೇಕ್ ತಂದು ‘ನಿಮ್ಮ ಅಪ್ಪ ಅಮ್ಮ ಎಲ್ಲಿ ಪುಟ್ಟಾ’ ಅಂತ ಕೇಳುವ ಆಂಟಿಯರಿಗೆ. ಜಾಸ್ತಿ ಅಳಿಸಿದವರಿಗೆ ಬಹುಮಾನ ಅಂತಾದರೆ ಮಕ್ಕಳು ಅದನ್ನೂ ಬೇಗ ಕಲಿಯುತ್ತಾರೆ.

ನನಗೂ ಒಂದು ಸಲ ಬಹುಮಾನ ಬಂದಿತ್ತು. ನಿರೂಪಣೆ ಮಾಡುವವರು ಮೈಕಿನಲ್ಲಿ ‘ತಬ್ಬಲಿ’ ಅಂದರು, ಒಂದು ಸಲ ಅಲ್ಲ, ಪ್ರತಿ ವಾಕ್ಯಕ್ಕೂ. ನನ್ನ ಅಮ್ಮ ಬದುಕಿದ್ದಳು, ಸಾಕಲು ಆಗದ ಸ್ಥಿತಿಯಲ್ಲಿದ್ದಳು ಅಷ್ಟೆ. ಅವಳು ಅದೇ ಊರಲ್ಲಿದ್ದಳು. ಪ್ರಮಾಣಪತ್ರದಲ್ಲಿ ನನ್ನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬಾಲಮಂದಿರದ ಹೆಸರು. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಅದನ್ನು ಲಗತ್ತಿಸಲೇ ಇಲ್ಲ. ಹಾಗೆ ತೋರಿಸಲು ಆಗದ ಪ್ರಮಾಣಪತ್ರ ತಗೊಂಡು ಏನು ಮಾಡೋದು ಹೇಳಿ.

ಇನ್ನು ಯಾರಿಗೆ ಕೊಡಬೇಕು ಅಂತ ಕೇಳಿದ್ದೀರಿ. ನಮ್ಮ ಕೋಣೆಯಲ್ಲಿ ಒಬ್ಬಳು ಅಕ್ಕ ಇದ್ದಳು. ಚಿಕ್ಕವರಲ್ಲಿ ಯಾರು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ ಅಂತ ಅವಳಿಗೆ ಮಾತ್ರ ಗೊತ್ತಿತ್ತು. ಅಲಾರಾಂ ಇರಲಿಲ್ಲ. ಮಲಗುವ ಮುಂಚೆ ಎರಡು ಲೋಟ ನೀರು ಕುಡಿಯುತ್ತಿದ್ದಳು, ಮಧ್ಯರಾತ್ರಿ ತನಗೇ ಎಚ್ಚರ ಆಗಲಿ ಅಂತ. ಎದ್ದು ಅವರನ್ನು ಒಬ್ಬೊಬ್ಬರಾಗಿ ಶೌಚಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದಳು. ಬೆಳಗ್ಗೆ ಯಾರೂ ಬೈಸಿಕೊಳ್ಳುತ್ತಿರಲಿಲ್ಲ. ಭಾನುವಾರ ಸಾಲಾಗಿ ಕೂರಿಸಿ ಹೇನು ಬಾಚುತ್ತಿದ್ದಳು, ಬಾಚುತ್ತಾ ಮಗ್ಗಿ ಹೇಳಿಸುತ್ತಿದ್ದಳು. ಎಸ್ಸೆಸ್ಸೆಲ್ಸಿ ಫೇಲ್. ಅವಳನ್ನು ಯಾವ ವೇದಿಕೆಗೂ ಯಾರೂ ಕರೆಯಲಿಲ್ಲ. ಅಂಥವಳನ್ನು ಹುಡುಕಬೇಕಾದರೆ ದೊಡ್ಡವರನ್ನು ಕೇಳಬೇಡಿ, ಚಿಕ್ಕ ಮಕ್ಕಳನ್ನು ಕೇಳಿ. ‘ನಿನಗೆ ಜ್ವರ ಬಂದರೆ ಯಾರ ಹತ್ತಿರ ಹೋಗ್ತೀಯ?’ ಇಷ್ಟೇ ಕೇಳಿ. ಹತ್ತು ಮಕ್ಕಳಲ್ಲಿ ಎಂಟು ಮಕ್ಕಳು ಒಂದೇ ಹೆಸರು ಹೇಳುತ್ತಾರೆ.

ಸ್ಮರಣಿಕೆ, ಹಣ್ಣಿನ ಬುಟ್ಟಿ ಬೇಡ. ಹದಿನೆಂಟಕ್ಕೆ ಹೊರಗೆ ಬಂದಾಗ ಪಿ.ಜಿ. ಅಡ್ವಾನ್ಸ್‌ಗೆ ದುಡ್ಡು ಇರಲ್ಲ, ಡ್ರೈವಿಂಗ್ ಕಲಿಯಲು ಇರಲ್ಲ. ಅದಕ್ಕೆ ಕೊಡಿ.

---

ಗಡಿಬಿಡಿಗಣಪ

ಅಲ್ಲ ಸ್ವಾಮಿ, ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ? ಮಕ್ಕಳಿಗೆ ವೇದಿಕೆ ಮೇಲೆ ಚಪ್ಪಾಳೆ ಬಿದ್ದರೆ ಖುಷಿ ಆಗುತ್ತೆ, ಯಾವ ಮಗುವಿಗಾದರೂ ಆಗುತ್ತೆ. ನಾಲ್ಕು ಜನ ನೋಡಿದರೆ ಇನ್ನೂ ನಾಲ್ಕು ಜನ ದಾನ ಕೊಡಲು ಮುಂದೆ ಬರುತ್ತಾರೆ. ಮುಚ್ಚಿಟ್ಟು ಕೊಟ್ಟರೆ ಅದರಲ್ಲಿ ಗೌರವ ಏನು ಬಂತು?

---

ಕಿಟಕಿಪಕ್ಕದಸೀಟು

ಗಣಪ ಅವರೇ, ಚಪ್ಪಾಳೆ ಬೇಡ ಅನ್ನಲಿಲ್ಲ. ನಿಮ್ಮ ಮಗನಿಗೆ ಬಹುಮಾನ ಬಂದರೆ ಮೈಕಿನಲ್ಲಿ ನಿಮ್ಮ ಮನೆಯ ಜಗಳ ಓದುತ್ತಾರಾ? ಅವನು ಮಾಡಿದ್ದನ್ನು ಹೇಳಿ ಚಪ್ಪಾಳೆ ಹೊಡೆಸುತ್ತಾರೆ. ನಮಗೂ ಅಷ್ಟೇ ಮಾಡಿ ಅಂದೆ.

---

ಕಡತದಧೂಳು

ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲೇ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಕಾನೂನಿನ ಮಾತು. ಬೋರ್ ಆದರೂ ಓದಿ, ಯಾಕೆಂದರೆ ಫೋಟೊ ಹಾಕಿ ಸಿಕ್ಕಿಹಾಕಿಕೊಳ್ಳುವವರು ಒಳ್ಳೆ ಮನಸ್ಸಿನವರೇ ಆಗಿರುತ್ತಾರೆ.

2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವಂಥ ಯಾವುದೇ ವಿವರ ಮಾಧ್ಯಮದಲ್ಲಿ ಬರುವ ಹಾಗಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಫೇಸ್‌ಬುಕ್, ವಾಟ್ಸಾಪ್ ಸ್ಟೇಟಸ್ ಲೆಕ್ಕಕ್ಕಿಲ್ಲ ಅಂದುಕೊಳ್ಳಬೇಡಿ. ಹದಿನೆಂಟು ದಾಟಿದವರು ತಮ್ಮ ಬಗ್ಗೆ ತಾವೇ ಹೇಳಿಕೊಂಡರೆ ಅದು ಅವರ ಇಷ್ಟ.

ಆಯ್ಕೆಗೆ ಒಂದು ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇದೇ ಕಾಯ್ದೆಯ 53ನೇ ಸೆಕ್ಷನ್‌ನಲ್ಲಿ ಮಕ್ಕಳ ಸಂಸ್ಥೆಗಳ ಒಳಗೆ ಮಕ್ಕಳದೇ ಸಮಿತಿ ಇರಬೇಕು ಅಂತಿದೆ. 2016ರ ಮಾದರಿ ನಿಯಮಗಳು ಅದನ್ನು 6ರಿಂದ 10, 11ರಿಂದ 15, 16ರಿಂದ 18 ಅಂತ ವಯಸ್ಸಿಗೆ ತಕ್ಕ ಹಾಗೆ ವಿಂಗಡಿಸಿವೆ. ಕೆಲವು ಕಡೆ ಇದು ರಿಜಿಸ್ಟರಿನಲ್ಲಿ ಮಾತ್ರ ಇರುತ್ತೆ, ಪ್ರತಿ ತಿಂಗಳೂ ಒಂದೇ ಕೈಬರಹ, ‘ಊಟ ಚೆನ್ನಾಗಿದೆ, ಎಲ್ಲರೂ ಸಂತೋಷವಾಗಿದ್ದೇವೆ’ ಅಂತ. ನಿಜವಾಗಿ ನಡೆಯುವ ಕಡೆ ಗೊತ್ತಾಗಿಬಿಡುತ್ತೆ. ಒಂದು ಕಡೆ ಹುಡುಗಿಯೊಬ್ಬಳು ಸ್ನಾನದ ಮನೆಯ ಚಿಲಕ ಸರಿಯಿಲ್ಲ ಅಂತ ಸತತವಾಗಿ ಬರೆಸಿದ್ದಳು. ಸರಿ ಆಗುವವರೆಗೂ ಸಭೆಯ ನಡಾವಳಿಗೆ ಸಹಿ ಹಾಕಲ್ಲ ಅಂದಳು, ಬೇರೆಯವರನ್ನೂ ಹಾಕಬೇಡಿ ಅಂತ ಒಪ್ಪಿಸಿದಳು. ಚಿಲಕ ಬಂತು. ಅಲ್ಲಿನ ಸಿಬ್ಬಂದಿಯನ್ನು ಕೇಳಿದರೆ ಅವಳು ‘ಬಾಯಿ ಜೋರು’. ನೀವು ಸಂಸ್ಥೆಯವರ ಹತ್ತಿರ ಹೆಸರು ಕೇಳಿದರೆ ಇಂಥವಳ ಹೆಸರು ಪಟ್ಟಿಯಲ್ಲಿ ಬರೋದೇ ಇಲ್ಲ. ಅದಕ್ಕೇ ‘ಇಲ್ಲಿ ಹೆಚ್ಚು ತಕರಾರು ಮಾಡುವ ಮಗು ಯಾರು’ ಅಂತಲೂ ಕೇಳಿ ನೋಡಿ.

ನಮ್ಮ ರಾಜ್ಯದಲ್ಲಿ ಮಕ್ಕಳ ಶೌರ್ಯಕ್ಕೆ ಹೊಯ್ಸಳ, ಕೆಳದಿ ಚೆನ್ನಮ್ಮ ಪ್ರಶಸ್ತಿಗಳಿವೆ. ಕೆರೆಗೆ ಬಿದ್ದವರನ್ನು ಎಳೆದು ದಡ ಸೇರಿಸಿದಂಥ ಧೈರ್ಯಕ್ಕೆ ಅವು ಸರಿ. ಮೇಲೆ ಆ ಮೇಡಂ ಹೇಳಿದ ಅಕ್ಕನದು ಒಂದು ಗಳಿಗೆಯ ಧೈರ್ಯ ಅಲ್ಲ, ದಿನಾ ರಾತ್ರಿಯ ಕೆಲಸ. ಅದಕ್ಕೆ ಸಾಕ್ಷಿ ಇರಲ್ಲ, ಪೇಪರಿನ ಕಟಿಂಗ್ ಇರಲ್ಲ.

ಫಾಸ್ಟರ್ ಮನೆಗಳ ಮಕ್ಕಳು ಬೇಕು ಅಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕವೇ ಹೋಗಿ, ನೇರವಾಗಿ ಮನೆ ಬಾಗಿಲಿಗೆ ಹೋಗಬೇಡಿ. ಈ ಮಕ್ಕಳನ್ನು ಮನೆಗೆ ಕಳಿಸುವುದು 44ನೇ ಸೆಕ್ಷನ್ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ. 2024ರಲ್ಲಿ ಕೇಂದ್ರ ಮಾರ್ಗಸೂಚಿ ಬದಲಾಗಿ ಒಂಟಿಯಾಗಿರುವವರೂ ಪೋಷಕರಾಗಬಹುದು ಅಂತಾಗಿದೆ, ಎರಡು ವರ್ಷ ಆದಮೇಲೆ ದತ್ತು ಕೇಳಲೂ ಅವಕಾಶ ಇದೆ, ಮುಂಚೆ ಐದು ವರ್ಷ ಕಾಯಬೇಕಿತ್ತು. ಹದಿನೆಂಟು ತುಂಬಿದವರಿಗೆ 46ನೇ ಸೆಕ್ಷನ್ ಪ್ರಕಾರ 21ರವರೆಗೆ, ಕೆಲವರಿಗೆ 23ರವರೆಗೆ ನೆರವು ಸಿಗಬಹುದು. ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ. ಇದನ್ನು ಕೇಳಿ ಪಡೆಯಬೇಕು ಅಂತ ಗೊತ್ತಿಲ್ಲದವರು ಬಹಳ. ಬಹುಮಾನಕ್ಕಿಂತ ಆ ಅರ್ಜಿ ಹಾಕಿಸಿ ಕೊಟ್ಟರೂ ದೊಡ್ಡ ಕೆಲಸವೇ.

---

ಬೇಂದ್ರೆಊರಿನಅವ್ವ

ನಾನು ಫಾಸ್ಟರ್ ತಾಯಿ. ಎಲ್ಲರೂ ಚೆನ್ನಾಗಿ ಬರೆದಿದ್ದಾರೆ, ಒಂದು ಎಚ್ಚರಿಕೆ ನನ್ನದೂ ಇರಲಿ.

ನಮ್ಮ ಮಗಳು ಬಂದ ಹೊಸದರಲ್ಲಿ ನಾನು ಏಳುವ ಮೊದಲೇ ಎದ್ದು ಪಾತ್ರೆ ತೊಳೆದು, ಅಂಗಳ ಗುಡಿಸಿ ಕೂತಿರುತ್ತಿದ್ದಳು. ಬಂದವರೆಲ್ಲ ‘ಎಷ್ಟು ಜವಾಬ್ದಾರಿ, ಎಷ್ಟು ಶಾಣ್ಯಾ ಹುಡುಗಿ’ ಅಂತ ಹೊಗಳಿದ್ದೇ ಹೊಗಳಿದ್ದು. ಹೊಗಳಿದಷ್ಟೂ ಅವಳು ಇನ್ನೂ ಬೇಗ ಏಳತೊಡಗಿದಳು. ಕೆಲಸ ಮಾಡದಿದ್ದರೆ ವಾಪಸ್ ಕಳಿಸುತ್ತೀವಿ ಅನ್ನುವ ಹೆದರಿಕೆ ಅದು, ಜವಾಬ್ದಾರಿ ಅಲ್ಲ. ಕೌನ್ಸೆಲರ್ ಹೇಳಿದ ಮೇಲೆ ನಾವು ಹೊಗಳೋದು ಬಿಟ್ಟೆವು, ಪಾತ್ರೆ ತೊಳೆಯುವ ಪಾಳಿ ಹಾಕಿದೆವು, ಅದರಲ್ಲಿ ನಮ್ಮ ಯಜಮಾನರ ಹೆಸರೂ ಇತ್ತು. ಹೀಗೇ ತಿಂಗಳುಗಟ್ಟಲೆ ಆದಮೇಲೆ ಒಂದು ದಿನ ಕೂದಲು ಕತ್ತರಿಸಿಕೊಳ್ಳುವ ವಿಷಯಕ್ಕೆ ನನ್ನ ಜೊತೆ ಜೋರು ಜಗಳ ಆಡಿದಳು, ಬಾಗಿಲು ಧಡಾರ್ ಅಂತ ಹಾಕಿಕೊಂಡಳು. ನನಗೆ ಒಳಗೊಳಗೇ ಖುಷಿ! ಜಗಳ ಆಡಿದರೂ ಇಲ್ಲೇ ಇರುತ್ತೇನೆ ಅಂತ ಅವಳಿಗೆ ನಂಬಿಕೆ ಬಂತಲ್ಲ.

ಹಾಗಾಗಿ ಸುಮ್ನೆ ಹೇಳಿದಂತೆ ಕೇಳುವ ಮಗುವನ್ನೇ ಗಟ್ಟಿ ಮಗು ಅಂತ ಆರಿಸಬೇಡಿ. ಮತ್ತೆ, ಒಂದು ಮನೆಯಲ್ಲಿ ಫಾಸ್ಟರ್ ಮಗು ಜೊತೆ ಹೆತ್ತ ಮಕ್ಕಳೂ ಇರುತ್ತಾರೆ. ಅವರಲ್ಲಿ ಒಬ್ಬರಿಗೆ ಮಾತ್ರ ‘ಕಷ್ಟ ಗೆದ್ದವರು’ ಅಂತ ಪಟ್ಟ ಕಟ್ಟಿದರೆ ಮನೆಯ ಮಕ್ಕಳ ನಡುವೆ ಅದು ಇರುಸುಮುರುಸು ತರುತ್ತೆ.

---

ಸ್ಯಾನ್‌ಹೋಸೆಕನ್ನಡಿಗ

ನಾನು ಮೂಲತಃ ತುಮಕೂರು ಕಡೆಯವನು, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫಾಸ್ಟರ್ ಮಕ್ಕಳ ಪರವಾಗಿ ಕೋರ್ಟಿಗೆ ವರದಿ ಕೊಡುವ ಕಾಸಾ ಸ್ವಯಂಸೇವಕ. ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳಲು ಬಂದಿಲ್ಲ. ಇಲ್ಲೂ ಸ್ಕಾಲರ್‌ಶಿಪ್ ಬೇಕು ಅಂದರೆ ನೋವಿನ ಪ್ರಬಂಧ ಬರೆಸುತ್ತಾರೆ, ಮಕ್ಕಳು ಎಲ್ಲಿ ಅಳಿಸಬೇಕು ಅಂತ ಕಲಿತಿರುತ್ತಾರೆ.

ಆದರೆ ಒಂದು ವಿಷಯ ನೋಡಿ ಕಲಿಯುವಂಥದ್ದು. ಕ್ಯಾಲಿಫೋರ್ನಿಯಾ ಯೂತ್ ಕನೆಕ್ಷನ್ ಅಂತ 1988ರಲ್ಲಿ ಶುರುವಾದ ಸಂಘಟನೆ ಇದೆ. ಫಾಸ್ಟರ್ ಕೇರ್‌ನಲ್ಲಿ ಇರುವವರು, ಬೆಳೆದು ಬಂದವರೇ ಅದನ್ನು ನಡೆಸುತ್ತಾರೆ. ಸ್ಯಾಕ್ರಮೆಂಟೊಗೆ ಹೋಗಿ ಶಾಸಕರ ಎದುರು ಕೂತು ‘ಈ ನಿಯಮ ಹೀಗೆ ಬದಲಾಗಬೇಕು’ ಅಂತ ವಾದ ಮಾಡುತ್ತಾರೆ. ಇಲ್ಲಿ ಮುಂಚೆ ಹದಿನೆಂಟಕ್ಕೆ ನೆರವು ನಿಲ್ಲುತ್ತಿತ್ತು. 2010ರಲ್ಲಿ ಎಬಿ 12 ಅನ್ನುವ ಕಾನೂನು ಪಾಸಾಗಿ, 2012ರಿಂದ ಅದು ಹಂತ ಹಂತವಾಗಿ 21ರವರೆಗೆ ಮುಂದುವರಿಯುವ ಹಾಗಾಯಿತು. ಅಲ್ಲಿ ಈ ಹುಡುಗರನ್ನು ಯಾರೂ ವೇದಿಕೆ ಮೇಲೆ ನಿಲ್ಲಿಸಲ್ಲ, ಮೇಜಿನ ಸುತ್ತ ಕುರ್ಚಿ ಕೊಡುತ್ತಾರೆ.

ನೀವು ಮಾಡಬಹುದಾದದ್ದು ಇಷ್ಟು. ಆಯ್ಕೆ ಮಾಡುವ ಸಮಿತಿಯಲ್ಲಿ ಬಾಲಮಂದಿರದಲ್ಲಿ ಬೆಳೆದು ಬಂದ ಇಬ್ಬರನ್ನಾದರೂ ಕೂರಿಸಿ, ಹೆಸರಿಗೆ ಅಲ್ಲ, ಅವರ ಮಾತು ನಡೆಯಬೇಕು. ಮತ್ತೆ ಅವರ ಸಮಯಕ್ಕೆ ದುಡ್ಡು ಕೊಡಿ. ಕೆಲಸಕ್ಕೆ ರಜೆ ಹಾಕಿ, ಬಸ್ ಚಾರ್ಜ್ ಹಾಕಿ ಬರುವವರು ಅವರು.

---

ಗಡಿಬಿಡಿಗಣಪ

ಬಾಗಿಲು ಹಾಕಿಕೊಂಡಿದ್ದು ಓದಿ ನನ್ನ ಮಗಳು ನೆನಪಾದಳು, ಅವಳಿಗೆ ಅದು ದಿನಾ ಕೆಲಸ. ಸರಿ, ವೇದಿಕೆ ವಿಷಯ ಬಿಟ್ಟೆ. ಆದರೆ ದಾನ ಕೊಡುವವರು ಫೋಟೊ ಕೇಳೇ ಕೇಳುತ್ತಾರೆ, ಅದಕ್ಕೆ ಏನು ಹೇಳುತ್ತೀರಿ?

---

ಕಡತದಧೂಳು

ಚೆಕ್ಕಿನ ಫೋಟೊ ಕಳಿಸಿ. ನಗಬೇಡಿ, ನಿಜವಾಗಲೂ. ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಅಂತ ಲೆಕ್ಕ ಕೇಳುವ ಹಕ್ಕು ಅವರಿಗೆ ಇದೆ. ಮಗುವಿನ ಮುಖ ಕೇಳುವ ಹಕ್ಕು ಇಲ್ಲ.

---

ಮಲೆನಾಡಮಳೆ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ನಿನ್ನೆ ಬಳಗದ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಪ್ರಬಂಧ ಬಿಟ್ಟಾಯಿತು. ರಂಗಮಂದಿರ ಬುಕ್ ಮಾಡಿದ್ದವರು ಸ್ವಲ್ಪ ಮುನಿಸಿಕೊಂಡಿದ್ದಾರೆ, ಅವರಿಗೆ ಎಸ್ಸೆಸ್ಸೆಲ್ಸಿ ಕಾರ್ಯಕ್ರಮ ಎಂದಿನಂತೆ ಇದ್ದೇ ಇರುತ್ತೆ. ಪ್ರಮಾಣಪತ್ರದಲ್ಲಿ ಮಗುವಿನ ಹೆಸರು, ಏನು ಮಾಡಿದ್ದಕ್ಕೆ ಕೊಟ್ಟಿದ್ದು, ನಮ್ಮ ಬಳಗದ ಹೆಸರು, ಇಷ್ಟೇ. ಸಂಸ್ಥೆಯ ಹೆಸರು ಇರಲ್ಲ. ಬೇಡ ಅನ್ನುವ ಮಗುವಿಗೆ ಬೇಡ ಅನ್ನುವ ಅವಕಾಶವೂ ಇರಬೇಕು ಅಂತ ಒಬ್ಬರು ಸೇರಿಸಿದರು, ಅದು ನನಗೆ ಹೊಳೆದಿರಲಿಲ್ಲ.

ಕಿಟಕಿಪಕ್ಕದಸೀಟು ಅವರೇ, ಆಯ್ಕೆ ಸಮಿತಿಗೆ ನೀವು ಬರುತ್ತೀರಾ? ಫೋನಿನಲ್ಲೇ ಕೂತರೂ ಆಗುತ್ತೆ. ದಿನದ ಸಂಬಳ, ಖರ್ಚು ಎರಡೂ ಕೊಡುತ್ತೇವೆ.

ಇನ್ನೊಂದು ಪ್ರಶ್ನೆ ಉಳಿಯಿತು. ದುಡ್ಡನ್ನು ಯಾರ ಖಾತೆಗೆ ಹಾಕೋದು? ಸಂಸ್ಥೆಯ ಖಾತೆಗೆ ಹಾಕಲು ನಮಗೆ ಮನಸ್ಸಿಲ್ಲ.

---

ಕಿಟಕಿಪಕ್ಕದಸೀಟು

ಬರುತ್ತೇನೆ. ಆದರೆ ಹುಡುಗರ ಬಾಲಮಂದಿರದಿಂದಲೂ ಒಬ್ಬರನ್ನು ಹುಡುಕಿ, ಅಲ್ಲಿಯ ಕಥೆ ನನಗೆ ಗೊತ್ತಿಲ್ಲ.

---

ಕಡತದಧೂಳು

ಮಗುವಿನ ಹೆಸರಿನ ಖಾತೆಗೇ ಹಾಕಿ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಬಹುದು, ಬ್ಯಾಂಕಿನವರು ಒಂದು ಮಿತಿ ಹಾಕುತ್ತಾರೆ ಅಷ್ಟೆ. ಖಾತೆ ಇಲ್ಲದಿದ್ದರೆ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ ಮಾಡಿಸಿ, ಹೊರಗೆ ಹೋಗುವಾಗ ಹೇಗೂ ಬೇಕಾಗುತ್ತೆ. ಪಾಸ್‌ಬುಕ್ ಎಲ್ಲಿದೆ ಅಂತ ಮಗುವಿಗೇ ಗೊತ್ತಿರುವ ಹಾಗೆ ನೋಡಿಕೊಳ್ಳಿ. ಅರ್ಜಿ ಕೊಡುವಾಗ ಆಧಾರ್‌ನಲ್ಲಿರುವ ಹೆಸರು, ಶಾಲೆಯ ದಾಖಲೆಯಲ್ಲಿರುವ ಹೆಸರು ಒಂದೇ ಇದೆಯಾ ಅಂತ ಮೊದಲೇ ನೋಡಿ, ಅರ್ಧ ಅರ್ಜಿಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.