ಮೇ 9ಕ್ಕೆ ಮುಂಬೈ ರನ್‌ವೇ ಆರು ಗಂಟೆ ಬಂದ್: ರಾಯರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. 2024ರ ಮೇ 9, ಗುರುವಾರ, ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಮುಂಬೈ ವಿಮಾನ ನಿಲ್ದಾಣದ ಎರಡೂ ರನ್‌ವೇ ಬಂದ್. ಮಳೆಗಾಲಕ್ಕೆ ಮುಂಚಿನ ರಿಪೇರಿ. ಗ್ರೂಪಿನಲ್ಲಿ ನಾಲ್ಕು ದಿನದಿಂದ ಇದೇ ಮಾತು. ರನ್‌ವೇ ಡಾಂಬರು ಕೆಲಸದಲ್ಲೇ ನೌಕರಿ ಮುಗಿಸಿ ನಿವೃತ್ತರಾದ ನಮ್ಮ ರಾಯರು ಉತ್ತರ ಕೊಡಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ, ದಯವಿಟ್ಟು.

ಠಾಣೆ ಅಕ್ಕ: ರಾಯರೇ, 9ನೇ ತಾರೀಖು ಮಧ್ಯಾಹ್ನ 12.40ಕ್ಕೆ ಮಂಗಳೂರಿಗೆ ನಮ್ಮ ಟಿಕೆಟ್ ಇದೆ. ರದ್ದಾಗುತ್ತಾ?

ರಾಯರು: ಆ ಹೊತ್ತಿನಲ್ಲಿ ಯಾವ ವಿಮಾನವೂ ಇಳಿಯುವುದಿಲ್ಲ, ಏಳುವುದಿಲ್ಲ ಅಕ್ಕ. ಏರ್‌ಲೈನ್‌ನವರು ಸಮಯ ಬದಲಿಸಿ ಮೆಸೇಜ್ ಹಾಕಿರುತ್ತಾರೆ, ನೋಡಿ. ಈ ಬಂದ್ ವಿಷಯ ವಿಮಾನ ಕಂಪನಿಗಳಿಗೆ ತಿಂಗಳುಗಳ ಮುಂಚೆಯೇ ನೋಟಮ್ (ವಿಮಾನಯಾನಕ್ಕೆ ಹೊರಡಿಸುವ ಅಧಿಕೃತ ಸೂಚನೆ) ಮೂಲಕ ಗೊತ್ತಾಗಿರುತ್ತದೆ.

ಬೊರಿವಲಿ ಜೋಶಿ: ಎರಡು ರನ್‌ವೇ ಇದೆಯಲ್ಲ ಸರ್. ಇವತ್ತು ಒಂದು, ನಾಳೆ ಒಂದು ಅಂತ ರಿಪೇರಿ ಮಾಡಬಾರದಾ? ಎರಡನ್ನೂ ಒಟ್ಟಿಗೆ ಯಾಕೆ ಮುಚ್ಚಬೇಕು?

ರಾಯರು: ಒಳ್ಳೆಯ ಪ್ರಶ್ನೆ. ಮುಂಬೈಯ ಎರಡು ರನ್‌ವೇ ಅಕ್ಕಪಕ್ಕ ಇಲ್ಲ, ಒಂದನ್ನೊಂದು ಕತ್ತರಿಸುತ್ತವೆ. ದೊಡ್ಡದರ ನಂಬರ್ 09/27, ಚಿಕ್ಕದರದು 14/32. ಆ ಕೂಡುವ ಜಾಗದಲ್ಲಿ ಜನ, ಗಾಡಿ, ರೋಲರ್ ನಿಂತರೆ ಎರಡೂ ಕೆಲಸಕ್ಕೆ ಬರುವುದಿಲ್ಲ. 2019ರ ಫೆಬ್ರವರಿ, ಮಾರ್ಚ್‌ನಲ್ಲಿ ಮಂಗಳವಾರ, ಗುರುವಾರ, ಶನಿವಾರ 11ರಿಂದ 5ರವರೆಗೆ ಬಂದ್ ಇದ್ದದ್ದು ನೆನಪಿದೆಯಾ? ಆ ಕೂಡು ಜಾಗದ ಕೆಲಸಕ್ಕೇ ಅದು. ಎರಡು ಇದ್ದರೂ ಒಂದು ಹೊತ್ತಿಗೆ ಬಳಸುವುದು ಒಂದನ್ನೇ. 2023ರ ನವೆಂಬರ್ 11ರಂದು ಒಂದೇ ದಿನ 1,032 ವಿಮಾನ ಹತ್ತಿ ಇಳಿದವು. ಅಷ್ಟು ದುಡಿಯುವ ಮೇಲ್ಮೈಗೆ ವರ್ಷಕ್ಕೆ ಎರಡು ಸಲ ಆರು ಗಂಟೆ ಕೊಡಲು ನಾವು ಗೊಣಗುತ್ತೇವೆ.

ಮುಲುಂಡ್ ಗುರು: ಸರ್ 9ಕ್ಕೆ 3.15ರ ಬೆಂಗಳೂರು ಫ್ಲೈಟ್ ಇದೆಯಾ?

ರಾಯರು: ಇಲ್ಲ. ಮೇಲೆ ಹೇಳಿದ್ದೇನೆ.

ಸಾಂತಾಕ್ರೂಜ್ ನಾಯಕ್: ರಾತ್ರಿ ಮಾಡಿದರೆ ಯಾರಿಗೂ ತೊಂದರೆ ಇಲ್ಲ ಅಲ್ವಾ?

ರಾಯರು: ಮುಂಬೈಗೆ ರಾತ್ರಿ ಬಿಡುವಿಲ್ಲ. ವಿದೇಶದ ವಿಮಾನಗಳು ಜಾಸ್ತಿ ಬಂದು ಹೋಗುವುದೇ ಆಗ. ದಟ್ಟಣೆ ಸ್ವಲ್ಪ ತಗ್ಗುವುದು ಹಗಲು 11ರ ಮೇಲೆ. ಇನ್ನೊಂದು, ಇದು ಕಣ್ಣಿಟ್ಟು ನೋಡಬೇಕಾದ ಕೆಲಸ. ಟೈರ್ ಉಜ್ಜಿ ಉಜ್ಜಿ ಮೇಲ್ಮೈ ನುಣುಪಾಗಿದೆಯೇ, ಜಲ್ಲಿಯ ಒರಟು ಉಳಿದಿದೆಯೇ, ನೀರು ಹರಿದು ಹೋಗುವಷ್ಟು ಸಂದು ಇದೆಯೇ ಎಂದು ಅಳೆಯುತ್ತಾರೆ. ಮಳೆಯಲ್ಲಿ ಚಕ್ರಕ್ಕೂ ನೆಲಕ್ಕೂ ಮಧ್ಯೆ ನೀರಿನ ಪದರ ನಿಂತರೆ ಬ್ರೇಕ್ ಹಿಡಿಯುವುದಿಲ್ಲ. 2019ರ ಜುಲೈ 1ರ ರಾತ್ರಿ, ಆ ಮಳೆಯಲ್ಲಿ, ಜೈಪುರದಿಂದ ಬಂದ ಒಂದು ಬೋಯಿಂಗ್ 737 ವಿಮಾನ ದೊಡ್ಡ ರನ್‌ವೇ ದಾಟಿ ಕೆಸರಿಗೆ ಹೋಗಿ ಕೂತಿತು. ಅದನ್ನು ಎಳೆದು ತೆಗೆಯುವವರೆಗೆ ದಿನಗಟ್ಟಲೆ ಆ ರನ್‌ವೇ ಬಂದ್. ಆರು ಗಂಟೆಯ ಬಂದ್‌ಗೆ ಬೈಯುವವರು ಆ ವಾರ ನೆನಪಿಸಿಕೊಳ್ಳಬೇಕು.

ಕುರ್ಲಾ ಶೆಟ್ರು: ಇದು ಇನ್ನೊಂದು ಗ್ರೂಪಿನಿಂದ ಬಂತು, ಫಾರ್ವರ್ಡ್ ಮಾಡ್ತಾ ಇದ್ದೇನೆ: "ರನ್‌ವೇ ಮೇಲಿನ ಟೈರ್ ರಬ್ಬರ್ ತೆಗೆಯಲು ಕೋಟಿ ಖರ್ಚು ಬೇಡ. ಡೀಸೆಲ್ ಚೆಲ್ಲಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಸಾಕು. ನಿಮ್ಮ ಸೊಸೈಟಿಯ ಡಾಂಬರು ಅಂಗಳಕ್ಕೂ ಇದೇ ಮದ್ದು."

ರಾಯರು: ಶೆಟ್ರೇ, ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಡೀಸೆಲ್ ಡಾಂಬರನ್ನೇ ಕರಗಿಸುತ್ತದೆ. ರಬ್ಬರ್ ಜೊತೆ ಜಲ್ಲಿಯೂ ಎದ್ದು ಬರುತ್ತದೆ. ವಿಮಾನ ನಿಂತು ಇಂಧನ ತುಂಬಿಸಿಕೊಳ್ಳುವ ಏಪ್ರನ್ ಹೆಚ್ಚಾಗಿ ಕಾಂಕ್ರೀಟಿನದ್ದು ಯಾಕೆ ಅಂದುಕೊಂಡಿರಿ? ಚೆಲ್ಲಿದ ಎಣ್ಣೆಗೆ ಡಾಂಬರು ತಾಳುವುದಿಲ್ಲ ಅಂತಲೇ. ರಬ್ಬರನ್ನು ಭಾರೀ ಒತ್ತಡದ ನೀರು ಹೊಡೆದು ತೆಗೆಯುತ್ತಾರೆ. ಸೊಸೈಟಿ ಅಂಗಳಕ್ಕೂ ಡೀಸೆಲ್ ಬೇಡ.

ಕುರ್ಲಾ ಶೆಟ್ರು: ಆಯ್ತು ಸರ್, ಸುಮ್ನೆ ಕಳಿಸಿದೆ ಅಷ್ಟೆ.

ಅಂಧೇರಿ ರೇಖಾ: ಬಂದ್ ಕಾರಣ ವಿಮಾನ ತಡವಾದರೆ ಏರ್‌ಲೈನ್ ಹತ್ತು ಸಾವಿರ ಕೊಡಲೇಬೇಕು ಅಂತ ಮೆಸೇಜ್ ಓಡಾಡ್ತಿದೆ. ನಿಜವಾ?

ರಾಯರು: ಟಿಕೆಟ್ ವಿಷಯ ನನ್ನದಲ್ಲ. ಎರಡು ವಾರ ಮುಂಚೆ ರದ್ದತಿ ತಿಳಿಸಿದ್ದರೆ ಪರಿಹಾರ ಇಲ್ಲ. ಬೇರೆ ವಿಮಾನ ಅಥವಾ ಹಣ ವಾಪಸ್. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ ನಿಯಮ ಅಷ್ಟು. ಮೆಸೇಜ್ ನಂಬಿ ಕೌಂಟರಿನಲ್ಲಿ ಜಗಳಕ್ಕೆ ಹೋಗಬೇಡಿ.

ಹೆಸರು ಬೇಡ ಎಂದ ಸದಸ್ಯ (ಅಡ್ಮಿನ್ ಮೂಲಕ): ಸರ್, ನಾನು ಬೇರೆ ರಾಜ್ಯದ ಒಂದು ವಿಮಾನ ನಿಲ್ದಾಣದಲ್ಲಿ ಕಂಟ್ರಾಕ್ಟರ್ ಕಡೆಯ ಸೈಟ್ ಇಂಜಿನಿಯರ್. ರಾತ್ರಿ 11ಕ್ಕೆ ರನ್‌ವೇ ಕೊಡುತ್ತಾರೆ, ಬೆಳಿಗ್ಗೆ 6ಕ್ಕೆ ವಾಪಸ್ ಕೊಡಬೇಕು. ಹಳೆಯದರ ಮೇಲೆ 7 ಸೆಂ.ಮೀ. ಹೊಸ ಪದರ. ಮೊನ್ನೆ ಪ್ಲಾಂಟ್‌ನಿಂದ ಮಿಕ್ಸ್ ತಡವಾಗಿ ಬಂತು. 5 ಗಂಟೆಗೂ ಡಾಂಬರು ಹಾಸುವ ಪೇವರ್ ಓಡುತ್ತಿತ್ತು. ಪದರ ನಿಲ್ಲಿಸಿದ ಕಡೆ ಇಳಿಜಾರು ಮೂರು ಮೀಟರ್ ಸಾಕು ಎಂದರು ಸೀನಿಯರ್. ಅಗಲಕ್ಕೂ ಪೂರ್ತಿ ಆಗಲಿಲ್ಲ, ಒಂದು ಬದಿ ಬಾಕಿ ಉಳಿಯಿತು. ಹಾಗೇ ಬಿಟ್ಟುಕೊಟ್ಟೆವು. ಮೊದಲ ವಿಮಾನ ಹೋಯಿತು, ಏನೂ ಆಗಲಿಲ್ಲ. ಆದರೂ ನಿದ್ದೆ ಬರುತ್ತಿಲ್ಲ. ಇದು ನಡೆಯುತ್ತಾ?

ರಾಯರು: ನಡೆಯುವುದಿಲ್ಲ ತಮ್ಮಾ. ನೀನು ಕೇಳಿದ್ದು ಒಳ್ಳೆಯದಾಯಿತು. ಮಿಕ್ಕವರು ಸ್ವಲ್ಪ ತಾಳಿ, ಇದಕ್ಕೆ ಪೂರ್ತಿ ಬರೆಯಬೇಕು.

ಮೊದಲು ಇಳಿಜಾರು. ಹೊಸ ಪದರ 5 ಸೆಂ.ಮೀ.ವರೆಗೆ ಇದ್ದರೆ ತಾತ್ಕಾಲಿಕ ಇಳಿಜಾರು ನೂರಕ್ಕೆ ಅರ್ಧದಿಂದ ಒಂದು, ಅಂದರೆ ನೂರು ಮೀಟರ್ ಉದ್ದಕ್ಕೆ ಅರ್ಧದಿಂದ ಒಂದು ಮೀಟರ್ ಎತ್ತರ. 5 ಸೆಂ.ಮೀ. ಮೀರಿದರೆ ನೂರಕ್ಕೆ ಅರ್ಧಕ್ಕಿಂತ ಕಡಿದಾಗಬಾರದು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊದ ನಿಯಮ, ಅನೆಕ್ಸ್ 14ರಲ್ಲೇ ಇದೆ. ನಿನ್ನ 7 ಸೆಂ.ಮೀ.ಗೆ ಲೆಕ್ಕ ಹಾಕು: ಕಡಿಮೆ ಅಂದರೂ 14 ಮೀಟರ್ ಉದ್ದ ಬೇಕು. ಮೂರು ಮೀಟರ್ ಅಂದರೆ ನೂರಕ್ಕೆ ಎರಡಕ್ಕೂ ಮೇಲೆ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಓಡುವ ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ದಾಟುತ್ತದೆ. ನಿನ್ನ ಮೂರು ಮೀಟರ್ ಅದಕ್ಕೆ ಇಳಿಜಾರೇ ಅಲ್ಲ, ಮೆಟ್ಟಿಲು. ಮೂಗಿನ ಚಕ್ರಕ್ಕೆ ಅದು ನೇರ ಹೊಡೆತ.

ಎರಡನೆಯದು ಅಗಲ. ಒಂದು ರಾತ್ರಿ ಎಷ್ಟು ಉದ್ದ ಹಾಕುತ್ತೀರೋ ಅಷ್ಟಕ್ಕೂ ರನ್‌ವೇಯ ಪೂರ್ತಿ ಅಗಲ ಮುಗಿಸಬೇಕು. ಒಂದು ಬದಿ ಬಿಟ್ಟರೆ ಉದ್ದಕ್ಕೂ 7 ಸೆಂ.ಮೀ. ಏಣು ನಿಲ್ಲುತ್ತದೆ. ಅಡ್ಡಗಾಳಿಗೆ ವಿಮಾನ ಸ್ವಲ್ಪ ಪಕ್ಕಕ್ಕೆ ಸರಿದರೆ ಚಕ್ರ ಆ ಏಣಿನ ಮೇಲೆ ಹತ್ತಬೇಕು. ಅಗಲ ಮುಗಿಸಲು ಆಗದು ಅನಿಸಿದರೆ ಉದ್ದ ಕಡಿಮೆ ಮಾಡು. ಅಗಲದಲ್ಲಿ ರಾಜಿ ಬೇಡ.

ಮೂರನೆಯದು ಬಿಸಿ. 5ಕ್ಕೆ ಹಾಕಿದ್ದು 6ಕ್ಕೆ ಒಳಗೆ ಇನ್ನೂ ಬಿಸಿಯಾಗಿಯೇ ಇರುತ್ತದೆ. ಕಾರಿನ ಟೈರಿನ ಗಾಳಿ 32, 35 ಪಿಎಸ್‌ಐ. 737ರದ್ದು 200ರ ಆಸುಪಾಸು. ಮೆತ್ತಗಿನ ಪದರದ ಮೇಲೆ ಅದು ಹೋದರೆ ಜಾಡು ಬೀಳುತ್ತದೆ. ಮಳೆಗಾಲದಲ್ಲಿ ಅದೇ ಜಾಡಿನಲ್ಲಿ ನೀರು ನಿಲ್ಲುತ್ತದೆ.

ಇನ್ನು ಗುಡಿಸುವುದು. ಅವಸರದಲ್ಲಿ ಮೊದಲು ಬಿಟ್ಟುಹೋಗುವ ಕೆಲಸ ಇದೇ. 2000ನೇ ಇಸವಿಯ ಜುಲೈ 25ರಂದು ಪ್ಯಾರಿಸ್ ಬಳಿ ಕಾಂಕಾರ್ಡ್ ವಿಮಾನ ಬಿತ್ತು, 113 ಜನ ಹೋದರು. ಮುಂಚೆ ಹೋದ ವಿಮಾನದಿಂದ ಕಳಚಿ ಬಿದ್ದ ಒಂದು ಲೋಹದ ಪಟ್ಟಿ ಟೈರನ್ನು ಸೀಳಿತ್ತು. ರೋಲರಿನ ಒಂದು ಬೋಲ್ಟ್, ಒಂದು ಹಿಡಿ ಸಡಿಲ ಜಲ್ಲಿ ಸಾಕು. ಗುಡಿಸುವ ಗಾಡಿ ಹೋದ ಮೇಲೆ ನೀನೇ ಟಾರ್ಚ್ ಹಿಡಿದು ನಡೆ. ಬೆಳಕನ್ನು ಮೇಲಿನಿಂದ ಬಿಡಬೇಡ, ನೆಲಕ್ಕೆ ತಾಗಿಸಿ ಅಡ್ಡಕ್ಕೆ ಬಿಡು. ಸಣ್ಣ ಜಲ್ಲಿಗೂ ಉದ್ದ ನೆರಳು ಬೀಳುತ್ತದೆ, ಬಿಟ್ಟುಹೋಗುವುದಿಲ್ಲ. ಮಧ್ಯದ ಗೆರೆ ಬಳಿಯದೆ ರನ್‌ವೇ ಬಿಡುವಂತಿಲ್ಲ, ಅದನ್ನೂ ನೋಡು.

ಕೊನೆಯ ಲಾರಿ ಎಷ್ಟು ಗಂಟೆಗೆ ಅಂತ ಸಂಜೆಯೇ ಬರೆದು ಪ್ಲಾಂಟ್‌ಗೆ ಕೊಡು. ಆ ಹೊತ್ತು ದಾಟಿದ ಲಾರಿ ವಾಪಸ್. ಮಿಕ್ಸ್ ಹಾಳಾಗುತ್ತದೆ, ಕಂಟ್ರಾಕ್ಟರ್ ಕೂಗಾಡುತ್ತಾರೆ. ಕೂಗಾಡಲಿ. 6ಕ್ಕೆ ಆಗದು ಅನಿಸಿದರೆ 5ಕ್ಕೇ ವಿಮಾನ ನಿಲ್ದಾಣದ ಡ್ಯೂಟಿ ಆಫೀಸರಿಗೆ ಹೇಳಬೇಕು. ವಿಮಾನಗಳನ್ನು ಕಾಯಿಸಬಹುದು. ಬಂದ್ ಮಾಡುವುದರಲ್ಲಿ ಅಪಾಯ ಇಲ್ಲ ತಮ್ಮಾ, ತಯಾರಾಗದ ರನ್‌ವೇಯನ್ನು ತೆರೆಯುವುದರಲ್ಲಿ ಇದೆ. ಇವತ್ತು ಆ ಬದಿ ಏನಾಗಿದೆ, ಇಳಿಜಾರು ಎಷ್ಟಿದೆ, ನೋಡಿ ಇಲ್ಲೇ ಬರಿ.

ಬೆಂಗಳೂರು ಬಾಬು: ಇದೆಲ್ಲ ಮುಂಬೈಯ ಗೋಳು. ನಮ್ಮಲ್ಲಿ 2019ರ ಡಿಸೆಂಬರ್‌ನಿಂದ ಎರಡು ಸಮಾನಾಂತರ ರನ್‌ವೇ. ಒಂದು ಮುಚ್ಚಿದರೆ ಇನ್ನೊಂದು.

ಕುರ್ಲಾ ಶೆಟ್ರು: 2017ರಲ್ಲಿ ನಿಮ್ಮಲ್ಲೂ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಗಲು ಹೊತ್ತು ರನ್‌ವೇ ಬಂದ್ ಇತ್ತು. ಮರೆತಿರಾ?

ಬೆಂಗಳೂರು ಬಾಬು: ಅದು ಹಳೇ ಕಥೆ. ಈಗಿನದು ಹೇಳಿ.

ಕುರ್ಲಾ ಶೆಟ್ರು: ಈಗಲೂ ಯಲಹಂಕದಲ್ಲಿ ಏರ್ ಶೋ ಬಂದರೆ ನಿಮ್ಮ ವಿಮಾನ ಕಾಯುತ್ತವೆ. ಎರಡಲ್ಲ, ನಾಲ್ಕು ರನ್‌ವೇ ಇರಲಿ.

ಘಾಟ್‌ಕೋಪರ್ ಪೂಜಾರಿ: ಇಬ್ಬರೂ ಬಿಡಿ. ನಮ್ಮ ಮಂಗಳೂರಿನ ಬಜ್ಪೆ ನಿಲ್ದಾಣ ನೋಡಿ. ಗುಡ್ಡದ ಮೇಲೆ 2,450 ಮೀಟರ್, ವಿಮಾನ ಇಳಿಯುವುದು ಅದೊಂದರಲ್ಲೇ. 2023ರ ಜನವರಿ ಕೊನೆಯಿಂದ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ಮುಚ್ಚಿ ಡಾಂಬರು ಹಾಕಿದರು. ಯಾರೂ ಸಾಯಲಿಲ್ಲ.

ಬೆಂಗಳೂರು ಬಾಬು: ಬಜ್ಪೆಯನ್ನು ಇದಕ್ಕೆ ಹೋಲಿಸುತ್ತೀರಾ? ದಿನಕ್ಕೆ ಎಷ್ಟು ವಿಮಾನ ಬರುತ್ತೆ ಅಲ್ಲಿ?

ಘಾಟ್‌ಕೋಪರ್ ಪೂಜಾರಿ: ಎಷ್ಟಾದರೂ ಬರಲಿ. ಊರಿನ ಬಗ್ಗೆ ಮಾತು ಸರಿಯಾಗಿ ಆಡಿ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ರಾಯರು: ಮಂಗಳೂರಿನ ಕೆಲಸ ಸಣ್ಣದಲ್ಲ. ಕೆಳಗಿದ್ದದ್ದು ಕಾಂಕ್ರೀಟ್, ಮೇಲೆ ಡಾಂಬರು ಹಾಕಿದರು. ಕಾಂಕ್ರೀಟಿನ ಸಂದುಗಳು ಬಿಸಿಲಿಗೆ, ತಂಪಿಗೆ ಅಲುಗಾಡುತ್ತವೆ. ಜೋಪಾನ ಮಾಡದಿದ್ದರೆ ಅದೇ ಸಂದು ಮೇಲಿನ ಡಾಂಬರಿನಲ್ಲೂ ಬಿರುಕಾಗಿ ಎದ್ದು ಕಾಣುತ್ತದೆ. ಊರು ಊರಿನ ಜಗಳ ಇಲ್ಲಿಗೆ ನಿಲ್ಲಿಸಿ.

ಡೊಂಬಿವಲಿ ಮಾಮಿ: ಮಗಳು ಏಳು ತಿಂಗಳ ಬಸುರಿ. 9ಕ್ಕೆ ಬದಲು 10ಕ್ಕೆ ಕಳಿಸಿದರೆ ನೂಕುನುಗ್ಗಲು ಜಾಸ್ತಿ ಇರುತ್ತಾ?

ಮುಲುಂಡ್ ಗುರು: ಸರ್, 5 ಗಂಟೆಗೆ ಸರಿಯಾಗಿ ತೆರೀತಾರಾ? ನಂದು 5.20ಕ್ಕೆ.

ರಾಯರು: ತೆರೆಯಲು ತಯಾರಾಗಿದ್ದರೆ ತೆರೆಯುತ್ತಾರೆ.

ವಾಶಿ ಕುಲಕರ್ಣಿ: ನವಿ ಮುಂಬೈ ನಿಲ್ದಾಣ ಶುರುವಾದರೆ ಈ ಬಂದ್ ಎಲ್ಲ ತಪ್ಪುತ್ತಾ?

ಬೊರಿವಲಿ ಜೋಶಿ: ಫೆಬ್ರವರಿಯಲ್ಲಿ ಸರ್ಕಾರ ಮುಂಬೈಯ ದಟ್ಟಣೆ ಹೊತ್ತಿನ ವಿಮಾನಗಳನ್ನು ಗಂಟೆಗೆ 46ರಿಂದ 44ಕ್ಕೆ ಇಳಿಸಿತಲ್ಲ. ಆಗ ಸಿಕ್ಕ ಬಿಡುವಿನಲ್ಲಿ ಈ ರಿಪೇರಿ ಮುಗಿಸಬಹುದಿತ್ತು. ರಾಯರು ಇದನ್ನು ಹೇಳುತ್ತಿಲ್ಲ.

ರಾಯರು: ಎರಡು ವಿಮಾನ ಕಡಿಮೆಯಾದರೆ ಆಕಾಶದಲ್ಲಿ ಸುತ್ತುವುದು ತಪ್ಪುತ್ತದೆ. ಎರಡು ವಿಮಾನದ ನಡುವೆ ಡಾಂಬರು ಹಾಕಲು ಆಗುವುದಿಲ್ಲ ಜೋಶಿಯವರೇ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎನ್ನುವ ಮಾತು ಬೇಡ.

ಬೊರಿವಲಿ ಜೋಶಿ: ಕೇಳುವುದೇ ತಪ್ಪಾ?

ಕುರ್ಲಾ ಶೆಟ್ರು: ಇನ್ನೊಂದು ಬಂದಿದೆ, ಇದು ನಿಜವೇ ಇರಬೇಕು. ಬಿರುಕಿಗೆ ಸಿಮೆಂಟ್ ಮತ್ತು ಬೆಲ್ಲ...

ರಾಯರು: ಶೆಟ್ರೇ, ಸಾಕು. ನನಗೆ ಒಂದೇ ಉತ್ತರ ಬೇಕಿದೆ, ಆ ಹುಡುಗನದ್ದು. ಅಡ್ಮಿನ್, ಅವನು ಬರೆದನಾ?

ಹೆಸರು ಬೇಡ ಎಂದ ಸದಸ್ಯ (ಅಡ್ಮಿನ್ ಮೂಲಕ): ಸರ್, ನೋಡಿದೆ. ಬಾಕಿ ಬದಿ ನಿನ್ನೆ ರಾತ್ರಿ ಮುಗಿಸಿದೆವು. ಇಳಿಜಾರು 14 ಮೀಟರ್ ಮಾಡಿಸಿದೆ. ಕೊನೆಯ ಎರಡು ಲಾರಿ ವಾಪಸ್ ಕಳಿಸಿದ್ದಕ್ಕೆ ಸೀನಿಯರ್ ಮಾತು ಬಿಟ್ಟಿದ್ದಾರೆ. ಆ ಮೊದಲ ದಿನದ ತುದಿಯಲ್ಲಿ ಚಕ್ರದ ಜಾಡು ಬಿದ್ದಿದೆ. ಮೂರು ಮೀಟರ್ ಪಟ್ಟಿ ಇಟ್ಟು ನೋಡಿದರೆ ಕೆಳಗೆ ಬೆರಳು ತೂರುತ್ತದೆ.

ರಾಯರು: ಬೆರಳು ತೂರುತ್ತದೆ ಅಂದರೆ ಆ ತುಂಡನ್ನು ಕೆರೆದು ತೆಗೆಯಬೇಕು, ಮೇಲೆ ತೇಪೆ ಹಾಕಬೇಡ. ಮಳೆ ಬರುವ ಮುಂಚೆ ಮಾಡು. ಇವತ್ತಿನ ಅಳತೆ, ತಾರೀಖು, ಹೊತ್ತು ಸೈಟ್ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸು. ಸೀನಿಯರ್ ಸಹಿ ಹಾಕದಿದ್ದರೆ ವಿಮಾನ ನಿಲ್ದಾಣದ ಇಂಜಿನಿಯರಿಗೆ ಕಾಗದದಲ್ಲಿ ಕೊಡು. ಅಡ್ಮಿನ್ ಹತ್ತಿರ ನನ್ನ ನಂಬರ್ ಇದೆ, ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡು.