ಅವೆರ್‌ಮೆಕ್ಟಿನ್ ಕಥೆಯಲ್ಲಿ ರಸಾಯನಶಾಸ್ತ್ರಜ್ಞ ಓಮುರಾ ಅವರ ಪಾಲು ಎಷ್ಟು?

ಪ್ರಶ್ನೆ | ರಸಾಯನ_ವಿದ್ಯಾರ್ಥಿನಿ

ಸಾವಯವ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿರುವ ನಾನು, ಸೂಕ್ಷ್ಮಜೀವಿಗಳು ತಯಾರಿಸುವ ಸಂಯುಕ್ತಗಳ ಮೇಲೆ ಪಿಎಚ್‌ಡಿ ಮಾಡುವ ಆಲೋಚನೆಯಲ್ಲಿದ್ದೇನೆ. ಈ ಕ್ಷೇತ್ರದ ಮಾತು ಬಂದಾಗಲೆಲ್ಲ ಹಿರಿಯರು ಜಪಾನಿನ ಸತೋಶಿ ಓಮುರಾ ಅವರ ಹೆಸರನ್ನು ಹೇಳುತ್ತಾರೆ. 2015ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧಭಾಗವನ್ನು ಅವರು ವಿಲಿಯಂ ಕ್ಯಾಂಬೆಲ್ ಅವರೊಂದಿಗೆ ಹಂಚಿಕೊಂಡರು ಎಂಬುದು ನನಗೂ ಗೊತ್ತು. ಆದರೆ ಮಣ್ಣಿನ ಸೂಕ್ಷ್ಮಜೀವಿ ತಯಾರಿಸುವ, ಜಂತುಹುಳುಗಳನ್ನು ಕೊಲ್ಲುವ ಅವೆರ್‌ಮೆಕ್ಟಿನ್ ಎಂಬ ಸಂಯುಕ್ತದ ಕಥೆಯನ್ನು ಬಿಡಿಸಿ ನೋಡಿದರೆ ಒಂದು ಸಂದೇಹ ಉಳಿಯುತ್ತದೆ. ಜಪಾನಿನ ಇಟೊ ಪಟ್ಟಣದ ಕವಾನಾದಲ್ಲಿ ಗಾಲ್ಫ್ ಮೈದಾನವೊಂದರ ಬಳಿಯ ಮಣ್ಣಿನಿಂದ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದ ತಳಿಯನ್ನು ಬೇರ್ಪಡಿಸಿದ್ದು ಓಮುರಾ ಅವರ ತಂಡ, ಸರಿ. ಆದರೆ ಅದರ ಸಾರವನ್ನು ಜಂತುಹುಳು ತಗುಲಿದ ಇಲಿಗಳಿಗೆ ತಿನ್ನಿಸಿ ಪರೀಕ್ಷಿಸಿದ್ದು, ಸಂಯುಕ್ತದ ರಚನೆಯನ್ನು ಬಿಡಿಸಿದ್ದು, ಕೊನೆಗೆ ಅದನ್ನು ಐವರ್‌ಮೆಕ್ಟಿನ್ ಎಂಬ ಔಷಧವಾಗಿ ಮಾರ್ಪಡಿಸಿದ್ದು ಎಲ್ಲವೂ ಅಮೆರಿಕದ ಮರ್ಕ್ ಔಷಧ ಕಂಪನಿಯ ಪ್ರಯೋಗಾಲಯಗಳಲ್ಲಿ. ಹಾಗಿದ್ದರೆ ರಸಾಯನಶಾಸ್ತ್ರಜ್ಞರಾಗಿ ಅವರು ಮಾಡಿದ್ದೇನು? ಮಣ್ಣು ಹೆಕ್ಕುವುದು ಒಂದು ವೃತ್ತಿಜೀವನವಾಗುತ್ತದೆಯೇ? ಅಗೌರವದಿಂದ ಕೇಳುತ್ತಿಲ್ಲ, ಐದು ವರ್ಷ ಈ ಕೆಲಸಕ್ಕೆ ಕೊಡುವ ಮೊದಲು ನಿಜವಾಗಿ ತಿಳಿಯಬೇಕಾಗಿದೆ.

ಉತ್ತರ 1 | ನಿವೃತ್ತ_ಔಷಧರಸಾಯನ

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಆದರೆ ನೀವು ಅರ್ಧ ಶತಮಾನದ ಕೆಲಸವನ್ನು ಒಂದೇ ಅಣುವಿನ ಮೇಲೆ ಅಳೆಯುತ್ತಿದ್ದೀರಿ. ಅವೆರ್‌ಮೆಕ್ಟಿನ್ನನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ.

ಓಮುರಾ ಹುಟ್ಟಿದ್ದು 1935ರಲ್ಲಿ, ಯಮಾನಾಶಿ ಪ್ರಾಂತ್ಯದ ನಿರಸಾಕಿಯ ಕೃಷಿಕ ಕುಟುಂಬದಲ್ಲಿ. 1958ರಲ್ಲಿ ಪದವಿ ಮುಗಿಸಿ ಟೋಕಿಯೊದ ಒಂದು ರಾತ್ರಿಶಾಲೆಯಲ್ಲಿ ಮೇಷ್ಟರಾದರು. ಹಗಲು ಕಾರ್ಖಾನೆಯಲ್ಲಿ ದುಡಿದು, ಎಣ್ಣೆ ಮೆತ್ತಿದ ಕೈಗಳಲ್ಲೇ ಪರೀಕ್ಷೆ ಬರೆಯಲು ಬರುತ್ತಿದ್ದ ವಿದ್ಯಾರ್ಥಿಯನ್ನು ಕಂಡು ತಾವೂ ಮತ್ತೆ ಓದಬೇಕೆನಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. 1963ರಲ್ಲಿ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ಯಮಾನಾಶಿ ವಿಶ್ವವಿದ್ಯಾಲಯದಲ್ಲಿ ಮದ್ಯದ ಹುದುಗುವಿಕೆ ಕುರಿತು ಸಂಶೋಧನೆ ನಡೆಯುತ್ತಿದ್ದ ವಿಭಾಗಕ್ಕೆ ಸಹಾಯಕರಾಗಿ ಸೇರಿದರು. ಸಕ್ಕರೆಯನ್ನು ಯೀಸ್ಟ್ ಒಂದೇ ರಾತ್ರಿಯಲ್ಲಿ ಮದ್ಯಸಾರವಾಗಿಸುವುದನ್ನು ಒಬ್ಬ ಸಾವಯವ ರಸಾಯನಶಾಸ್ತ್ರಜ್ಞ ಹತ್ತಿರದಿಂದ ನೋಡಿದ್ದು ಅಲ್ಲಿ. ನನ್ನ ಮಟ್ಟಿಗೆ ಅವರ ವೃತ್ತಿಯ ತಿರುವು ಇದೇ ಹೊರತು ಗಾಲ್ಫ್ ಮೈದಾನವಲ್ಲ.

1965ರಲ್ಲಿ ಟೋಕಿಯೊದ ಕಿತಸಾತೊ ಸಂಶೋಧನಾ ಸಂಸ್ಥೆಗೆ ಬಂದಾಗ ಅವರ ಪಾಲಿಗೆ ಬಂದದ್ದು ಅಪ್ಪಟ ರಚನಾ ರಸಾಯನಶಾಸ್ತ್ರ. ತೊಜು ಹಾತಾ ಅವರು 1950ರ ದಶಕದಲ್ಲೇ ಕಂಡುಹಿಡಿದಿದ್ದ ಲ್ಯುಕೊಮೈಸಿನ್ ಎಂಬ ಪ್ರತಿಜೈವಿಕವು ಒಂದೇ ವಸ್ತುವಾಗಿರದೆ, ಒಂದನ್ನೊಂದು ತೀರ ಹೋಲುವ ಹಲವು ಘಟಕಗಳ ಮಿಶ್ರಣವಾಗಿತ್ತು. ಅವನ್ನು ಬೇರ್ಪಡಿಸಿ ಒಂದೊಂದರ ರಚನೆಯನ್ನೂ ನಿರ್ಧರಿಸಿದ್ದು ಓಮುರಾ. ಹಾತಾ ಅವರೇ ಕಂಡಿದ್ದ ಸೆರುಲೆನಿನ್ ಎಂಬ ಇನ್ನೊಂದು ಸಂಯುಕ್ತವು ಕೋಶಗಳಲ್ಲಿ ಕೊಬ್ಬಿನಾಮ್ಲದ ತಯಾರಿಕೆಯನ್ನು ತಡೆಯುತ್ತದೆ ಎಂದು ತೋರಿಸಿದ್ದೂ ಅವರ ಕೆಲಸವೇ. ಆಮೇಲೆ ಅದು ಜೀವರಸಾಯನ ಪ್ರಯೋಗಾಲಯಗಳ ನಿತ್ಯದ ಉಪಕರಣವಾಯಿತು.

ಇನ್ನು ನೀವು ನಿಜವಾಗಿ ಗಮನಿಸಬೇಕಾದದ್ದು ಸ್ಟಾರೊಸ್ಪೊರಿನ್. ಆ ಕಾಲದ ರೂಢಿಯೆಂದರೆ ಮೊದಲು ರೋಗಾಣುವನ್ನು ಇಟ್ಟುಕೊಂಡು, ಅದನ್ನು ಕೊಲ್ಲುವ ಸಾರಗಳನ್ನು ಹುಡುಕುವುದು. ಆ ಕ್ರಮದಲ್ಲಿ ಕೊಲ್ಲದ ಸಾರಗಳೆಲ್ಲ ಚರಂಡಿ ಸೇರುತ್ತವೆ. ಓಮುರಾ ತಂಡವು ಪ್ರಶ್ನೆಯನ್ನೇ ತಿರುಗಿಸಿತು. ಸಸ್ಯಗಳಲ್ಲಿರುವ ಆಲ್ಕಲಾಯ್ಡ್ ಎಂಬ ಸಾರಜನಕಯುಕ್ತ ಸಂಯುಕ್ತಗಳನ್ನು ಗುರುತಿಸಲು ಬಳಸುವ ಡ್ರಾಗೆನ್‌ಡಾರ್ಫ್ ದ್ರಾವಣವನ್ನು ಸೂಕ್ಷ್ಮಜೀವಿಗಳ ಸಾರಗಳ ಮೇಲೆ ಪ್ರಯೋಗಿಸಿ, ಬಣ್ಣ ಬಂದಲ್ಲೆಲ್ಲ ಸಾರಜನಕವಿರುವ ಹೊಸ ಸಂಯುಕ್ತ ಇರಬಹುದೆಂದು ಅದನ್ನು ಬೇರ್ಪಡಿಸಿತು. ಉಪಯೋಗದ ಮಾತು ಆಮೇಲೆ. ಹಾಗೆ 1977ರಲ್ಲಿ ಸಿಕ್ಕಿದ್ದು ಸ್ಟಾರೊಸ್ಪೊರಿನ್. ಅದು ಜೀವಕೋಶದೊಳಗಿನ ಸಂಕೇತಗಳನ್ನು ಸಾಗಿಸುವ ಪ್ರೋಟೀನ್ ಕೈನೇಸ್ ಎಂಬ ಕಿಣ್ವಗಳನ್ನು ಅತಿ ಸಣ್ಣ ಪ್ರಮಾಣದಲ್ಲೇ ತಡೆಯುತ್ತದೆ ಎಂದು ಬೇರೊಂದು ತಂಡ ತೋರಿಸಿದ್ದು 1986ರಲ್ಲಿ. ಸಿಕ್ಕಸಿಕ್ಕ ಕೈನೇಸ್‌ಗಳನ್ನೆಲ್ಲ ಹಿಡಿಯುವುದರಿಂದ ಅದು ಸ್ವತಃ ಔಷಧವಾಗಲಿಲ್ಲ. ಆದರೆ ಅದನ್ನೇ ಮಾರ್ಪಡಿಸಿದ ಮಿಡೊಸ್ಟಾರಿನ್ 2017ರಲ್ಲಿ ಒಂದು ಬಗೆಯ ರಕ್ತಕ್ಯಾನ್ಸರಿನ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಮೊದಲ ಬಾಟಲಿಯಿಂದ ಔಷಧಕ್ಕೆ ನಲವತ್ತು ವರ್ಷ! ಅದೇ ತಂಡ ಕಂಡ ಲ್ಯಾಕ್ಟಸಿಸ್ಟಿನ್ ಎಂಬ ಸಂಯುಕ್ತದ ಕಥೆಯೂ ಬೇರೆಯಲ್ಲ: 1991ರಲ್ಲಿ ಅದು ಸಿಕ್ಕಿದ್ದು ನರಕೋಶದಂಥ ಜೀವಕೋಶಗಳಲ್ಲಿ ತಂತುಗಳನ್ನು ಚಿಗುರಿಸುವ ಗುಣಕ್ಕಾಗಿ, ಕೋಶದಲ್ಲಿ ಬೇಡವಾದ ಪ್ರೋಟೀನುಗಳನ್ನು ಕತ್ತರಿಸುವ ಪ್ರೋಟಿಯಾಸೋಮ್‌ಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ ಎಂದು ಗೊತ್ತಾದದ್ದು 1995ರಲ್ಲಿ, ಅಮೆರಿಕದಲ್ಲಿ.

ಈಗ ಅವೆರ್‌ಮೆಕ್ಟಿನ್‌ಗೆ ಬನ್ನಿ. ನೀವು ಹೇಳಿದ ಹಂಚಿಕೆ ಸರಿ. ರೋಡಿಯಂ ವೇಗವರ್ಧಕ ಬಳಸಿ 22 ಮತ್ತು 23ನೇ ಇಂಗಾಲಗಳ ನಡುವಿನ ಒಂದೇ ದ್ವಿಬಂಧಕ್ಕೆ ಜಲಜನಕ ಸೇರಿಸಿದ ಕೈಚಳಕವೂ ಮರ್ಕ್‌ನದೇ. ಆದರೆ ಸಾವಿರಾರು ತಳಿಗಳಲ್ಲಿ ಸುಮಾರು ಐವತ್ತನ್ನು ಮಾತ್ರ ಆರಿಸಿ ಕಳುಹಿಸಿದ್ದು ಕಿತಸಾತೊ ತಂಡ. ಆ ಆಯ್ಕೆಯ ಹಿಂದೆ ತಳಿಯ ಬಣ್ಣ, ಬೆಳವಣಿಗೆಯ ರೀತಿ, ಸಾರದ ರಾಸಾಯನಿಕ ಲಕ್ಷಣ ಎಲ್ಲವನ್ನೂ ತೂಗಿ ನೋಡುವ ಕಣ್ಣು ಇತ್ತು. ಅದನ್ನು ಮಣ್ಣು ಹೆಕ್ಕುವುದು ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ 2 | ಸೂಕ್ಷ್ಮಜೀವಿಶಾಸ್ತ್ರದ_ಕಡೆಯಿಂದ

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಆ ‘ಕಣ್ಣು’ ರಸಾಯನಶಾಸ್ತ್ರಜ್ಞರೊಬ್ಬರದೇ ಅಲ್ಲ. ತಳಿಯನ್ನು ಬೇರ್ಪಡಿಸಿ, ಸಾಯದಂತೆ ಕಾಪಾಡಿ, ಹುದುಗುಪಾತ್ರೆಯಲ್ಲಿ ಅದರ ಇಳುವರಿಯನ್ನು ಹೆಚ್ಚಿಸುವ ಸೂಕ್ಷ್ಮಜೀವಿಶಾಸ್ತ್ರಜ್ಞರು ಇಲ್ಲದಿದ್ದರೆ ಸಂಯುಕ್ತಗಳನ್ನು ಬೇರ್ಪಡಿಸುವ ಕ್ರೊಮಟೋಗ್ರಫಿ ಕೊಳವೆಗೆ ಸುರಿಯಲು ಏನೂ ಇರುತ್ತಿರಲಿಲ್ಲ. ಓಮುರಾ ಅವರ ನಿಜವಾದ ಹೆಚ್ಚುಗಾರಿಕೆ ನನಗೆ ಕಾಣುವುದು, ಈ ಎರಡು ಬಗೆಯ ಜನರನ್ನು ಒಂದೇ ಸೂರಿನಡಿ ದಶಕಗಳ ಕಾಲ ಉಳಿಸಿಕೊಂಡದ್ದರಲ್ಲಿ. ಅದಕ್ಕೆ ಹಣ ಬೇಕಿತ್ತು. 1971ರಲ್ಲಿ ಅವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿದ್ದವರು ಮ್ಯಾಕ್ಸ್ ಟಿಶ್ಲರ್, ಅಂದರೆ ಅದಕ್ಕೆ ಸ್ವಲ್ಪ ಮೊದಲು ಮರ್ಕ್‌ನ ಸಂಶೋಧನೆಯನ್ನು ಮುನ್ನಡೆಸಿದ್ದವರು. 1973ರಲ್ಲಿ ಜಪಾನಿಗೆ ಮರಳುವ ಹೊತ್ತಿಗೆ ಕಂಪನಿಯೊಂದಿಗೆ ಒಪ್ಪಂದವಾಗಿತ್ತು: ಸಂಶೋಧನೆಗೆ ಹಣ ಕಂಪನಿಯದು, ಫಲ ಕಂಡರೆ ಕಿತಸಾತೊಗೆ ರಾಯಲ್ಟಿ. 1981ರಲ್ಲಿ ಪಶುಔಷಧವಾಗಿ ಮಾರುಕಟ್ಟೆಗೆ ಬಂದ ಐವರ್‌ಮೆಕ್ಟಿನ್‌ನಿಂದ ಬಂದ ಆ ರಾಯಲ್ಟಿಯೇ ಮುಂದೆ ಸಂಸ್ಥೆಗೂ, ಅದರ ಹೊಸ ಆಸ್ಪತ್ರೆಗೂ ಆಧಾರವಾಯಿತು.

ಅದೃಷ್ಟದ ಪಾಲನ್ನೂ ಮುಚ್ಚಿಡಬೇಕಾಗಿಲ್ಲ. ಅವೆರ್‌ಮೆಕ್ಟಿನ್ ತಯಾರಿಸುವ ಬೇರೆ ಜೀವಿ ಆಮೇಲೆ ಎಲ್ಲಿಯೂ ಸಿಕ್ಕಿಲ್ಲ. ಆದರೆ ಅದೇ ತಳಿಯ ಜೀನೋಮನ್ನು ಓಮುರಾ ಮತ್ತು ಸಂಗಡಿಗರು ಓದಿ 2003ರಲ್ಲಿ ಪೂರ್ಣವಾಗಿ ಪ್ರಕಟಿಸಿದಾಗ, ಸುಮಾರು 90 ಲಕ್ಷ ಬೇಸ್ ಜೋಡಿಗಳ ಆ ವರ್ಣತಂತುವಿನಲ್ಲಿ ಇಂಥ ಸಂಯುಕ್ತಗಳನ್ನು ತಯಾರಿಸುವ ಮೂವತ್ತರಷ್ಟು ಜೀನ್‌ಗುಂಪುಗಳು ಕಂಡವು. ಪ್ರಯೋಗಾಲಯದ ಪಾತ್ರೆಯಲ್ಲಿ ಅವುಗಳಲ್ಲಿ ಬಹುಪಾಲು ತೆಪ್ಪಗಿದ್ದವು. ‘ಈ ಕ್ಷೇತ್ರ ಬತ್ತಿಹೋಗಿದೆ’ ಎಂದು ಯಾರಾದರೂ ನಿಮಗೆ ಹೇಳಿದರೆ ಈ ಅಂಕಿಯನ್ನು ಅವರ ಮುಂದಿಡಿ.

ನಮ್ಮವರನ್ನೂ ಮರೆಯಬೇಡಿ. ಪುಣೆಯ ಪಕ್ಕದ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್‌ನಲ್ಲಿ ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಅಲ್ಲಿನ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದಲೇ 1960ರ ದಶಕದಲ್ಲಿ ಶಿಲೀಂಧ್ರನಾಶಕ ಹ್ಯಾಮೈಸಿನ್ ಪಡೆದಿದ್ದರು.

ಉತ್ತರ 3 | ಯಾದಗಿರಿಯವ

ನಾನು ವಿಜ್ಞಾನಿಯಲ್ಲ, ಆರೋಗ್ಯ ಇಲಾಖೆಯ ಕೆಲಸ ಬಲ್ಲವನು. ಐವರ್‌ಮೆಕ್ಟಿನ್ ಎಂದರೆ ಆಫ್ರಿಕಾದಲ್ಲಿ ಹುಳುಗಳಿಂದ ಬರುವ ನದಿಕುರುಡಿನ ಮದ್ದು, ಮರ್ಕ್ 1987ರಿಂದ ಉಚಿತವಾಗಿ ಕೊಡುತ್ತಿರುವ ಮದ್ದು ಎಂದಷ್ಟೇ ಸಾಮಾನ್ಯವಾಗಿ ಬರೆಯುತ್ತಾರೆ. ಆನೆಕಾಲು ರೋಗದ ಹುಳುಗಳಿಗಾಗಿ ಡಿಇಸಿ ಮತ್ತು ಆಲ್ಬೆಂಡಜೋಲ್ ಎಂಬ ಹುಳುನಾಶಕಗಳ ಜೊತೆಗೆ ಐವರ್‌ಮೆಕ್ಟಿನ್ ಸೇರಿಸಿ ಮೂರು ಮಾತ್ರೆ ಕೊಡುವುದು ಸುರಕ್ಷಿತವೇ ಎಂಬ ಐದು ದೇಶಗಳ ಅಧ್ಯಯನದಲ್ಲಿ ಭಾರತದ ಕ್ಷೇತ್ರವಾಗಿದ್ದದ್ದು ನಮ್ಮ ಯಾದಗಿರಿ ಜಿಲ್ಲೆ. ಸುರಕ್ಷಿತವೆಂದು ಕಂಡ ಮೇಲೆ ದೇಶದ ಬೇರೆ ಜಿಲ್ಲೆಗಳಲ್ಲೂ ಮೂರು ಮಾತ್ರೆಗಳ ಕ್ರಮ ಬಂತು.

ರಸಾಯನ_ವಿದ್ಯಾರ್ಥಿನಿ

ಮೂವರಿಗೂ ವಂದನೆಗಳು. ಮೊದಲು ಬೇರ್ಪಡಿಸು, ಉಪಯೋಗ ಆಮೇಲೆ ಎಂಬ ಕ್ರಮ ನನ್ನನ್ನು ಹಿಡಿದಿದೆ. ಆದರೆ ಮೂರು ತಿಂಗಳು ದುಡಿದು ಶುದ್ಧ ಮಾಡಿದ ಸಂಯುಕ್ತ ಯಾರೋ 1960ರಲ್ಲೇ ಪ್ರಕಟಿಸಿದ್ದು ಎಂದಾದರೆ?

ನಿವೃತ್ತ_ಔಷಧರಸಾಯನ

ಹಾಗೆ ಆಗುತ್ತದೆ, ಮತ್ತೆಮತ್ತೆ ಆಗುತ್ತದೆ. ಆದ್ದರಿಂದ ಶುದ್ಧೀಕರಣಕ್ಕೆ ಕೈಹಾಕುವ ಮೊದಲೇ ಕಚ್ಚಾಸಾರದ ಮಾಸ್ ಸ್ಪೆಕ್ಟ್ರಮ್ (ಅಣುಗಳ ತೂಕದ ಅಳತೆ) ಮತ್ತು ಯುವಿ ಅಂದರೆ ನೇರಳಾತೀತ ಬೆಳಕಿನ ಹೀರಿಕೆಯನ್ನು ದತ್ತಸಂಚಯಗಳೊಂದಿಗೆ ಹೋಲಿಸಿ ಹಳೆಯದನ್ನು ಕೈಬಿಡುವುದನ್ನು ಮೊದಲ ವರ್ಷದಲ್ಲೇ ಕಲಿಯಿರಿ. ಅಣುವಿನ ರಚನೆಯನ್ನು ತಿಳಿಸುವ ಎನ್‌ಎಂಆರ್ ದಾಖಲೆ ಓದುವುದನ್ನಂತೂ ಇನ್ನೊಬ್ಬರಿಗೆ ಬಿಡಬೇಡಿ. ಮಾರ್ಗದರ್ಶಕರನ್ನು ಆರಿಸುವಾಗ ಅವರ ಪ್ರಕಟಣೆಗಳ ಜೊತೆಗೆ ಅವರ ತಳಿಸಂಗ್ರಹ ಎಲ್ಲಿದೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಿ. ನಿಮಗೆ ಸಿಕ್ಕ ಒಳ್ಳೆಯ ತಳಿಯ ಒಂದು ಪ್ರತಿಯನ್ನು ಚಂಡೀಗಢದ ಎಂಟಿಸಿಸಿಯಂಥ ಸಾರ್ವಜನಿಕ ಸಂಗ್ರಹದಲ್ಲಿ ಇರಿಸಿ. ಓಮುರಾ ಅವರಂತೆ ವಿದೇಶಿ ಕಂಪನಿಗೆ ತಳಿ ಕಳುಹಿಸುವ ಕಾಲ ಬಂದರೆ, 2002ರ ಜೀವವೈವಿಧ್ಯ ಕಾಯ್ದೆಯಂತೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕಾಗುತ್ತದೆ. ಆ ಅರ್ಜಿಯನ್ನು ಮಾತುಕತೆ ಶುರುವಾದ ದಿನವೇ ಸಿದ್ಧಪಡಿಸಲು ತೊಡಗುವುದು ಒಳ್ಳೆಯದು.