ಕೆಲ್ಟಿಕ್ ಗಂಟಿನ ಪದಕ: ತೇಗ ಮುರಿಯುತ್ತಿದೆ, ತೆಂಗಿನ ಕರಟ ಆದೀತೇ?

ಮಲ್ಲೇಶ್ವರದ ಅಕ್ಕ:
ಐರ್ಲೆಂಡಿನ ಹಳೆಯ ಹಸ್ತಪ್ರತಿಗಳಲ್ಲಿ ಕಾಣುವ, ಮೊದಲು ಕೊನೆಯಿಲ್ಲದೆ ಹೆಣೆದುಕೊಂಡ ಗಂಟಿನ ವಿನ್ಯಾಸದಲ್ಲಿ ತಂಗಿಗೊಂದು ಪದಕ ಮಾಡಿಕೊಡಬೇಕೆಂದು ಎರಡು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಹಳೆಯ ಕಿಟಕಿಯಿಂದ ಉಳಿದ ತೇಗದ ತುಂಡನ್ನು 4 ಮಿ.ಮೀ. ದಪ್ಪಕ್ಕೆ ಇಳಿಸಿ ಸಣ್ಣ ಗರಗಸದಿಂದ ಕೊರೆದರೆ, ಪಟ್ಟಿ ಅಡ್ಡಕ್ಕೆ ತಿರುಗುವಲ್ಲೆಲ್ಲ ಚಟ್ಟನೆ ಮುರಿಯುತ್ತದೆ. ಮೂರು ಪದಕಗಳು ಹೀಗೆಯೇ ಹೋದವು. ತೆಂಗಿನ ಕರಟ ತಾಳೀತೇ? ಇನ್ನೊಂದು ತೊಡಕೆಂದರೆ, 4×4 ಚುಕ್ಕಿಗಳ ಸುತ್ತ ಗಂಟು ಬರೆದಾಗ ಒಂದೇ ಎಳೆಯಾಗದೆ ನಾಲ್ಕು ಬಿಡಿ ಎಳೆಗಳು ಬರುತ್ತಿವೆ. ಎಲ್ಲಿ ತಪ್ಪುತ್ತಿದ್ದೇನೆ? ಸರಕ್ಕೆ ಗುಲಗಂಜಿ ಪೋಣಿಸುವ ಯೋಚನೆಯೂ ಇದೆ.

ಚುಕ್ಕಿ ಎಣಿಸುವವಳು:
ನೀವು ತಪ್ಪಿಲ್ಲ, ಲೆಕ್ಕವೇ ಹಾಗಿದೆ. ಚುಕ್ಕಿಗಳನ್ನು ಬಳಸಿ ಸುತ್ತುವ ನಮ್ಮ ಎಳೆ ರಂಗೋಲಿಗೂ ಈ ಗಂಟಿಗೂ ಹೆಣಿಗೆಯ ನಿಯಮ ಒಂದೇ: ಉದ್ದ ಮತ್ತು ಅಗಲದ ಚುಕ್ಕಿಗಳ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟು ಎಳೆಗಳು ಬರುತ್ತವೆ. 4 ಮತ್ತು 4ಕ್ಕೆ ಅದು 4. 3 ಮತ್ತು 4ಕ್ಕೆ 1. (ಶಾಲೆಯಲ್ಲಿ ಬೇಸರದಿಂದ ಕಲಿತ ಮ.ಸಾ.ಅ. ನನಗೆ ಉಪಯೋಗಕ್ಕೆ ಬಂದದ್ದು ಇದೊಂದೇ ಕಡೆ.) ಚೌಕವೇ ಬೇಕೆಂದಾದರೆ, ಎರಡು ಬೇರೆ ಎಳೆಗಳು ದಾಟುವ ಒಂದು ಜಾಗದಲ್ಲಿ ಅವನ್ನು ದಾಟಲು ಬಿಡದೆ, ಒಂದಕ್ಕೊಂದು ಬೆನ್ನು ಹಾಕುವಂತೆ ಹೊರಳಿಸಿ, ಎರಡೂ ಸೇರಿ ಒಂದಾಗುತ್ತವೆ. ಹೀಗೆ ಮೂರು ಸಲ ಬೇರೆ ಬೇರೆ ಎಳೆಗಳನ್ನೇ ಆರಿಸಿಕೊಂಡು ಮಾಡಿದರೆ ನಾಲ್ಕೂ ಒಂದೇ ಎಳೆಯಾಗುತ್ತದೆ. ರಂಗೋಲಿಯಲ್ಲಿಲ್ಲದ ಕಟ್ಟುಪಾಡೊಂದು ಕೆಲ್ಟಿಕ್ ಗಂಟಿನಲ್ಲಿದೆ: ಎಳೆ ಒಂದು ಕಡೆ ಮೇಲೆ ಹಾದರೆ ಮುಂದಿನ ಕಡೆ ಕೆಳಗೆ ನುಸುಳಬೇಕು. ಮೊದಲು ಪೆನ್ಸಿಲಿನಲ್ಲಿ ಸಪಾಟಾಗಿ ಬರೆದು, ಮೇಲು ಕೆಳಗನ್ನು ಆಮೇಲೆ ಗುರುತು ಮಾಡಿಕೊಳ್ಳಿ.

ಕರಟದ ಕುಸುರಿ, ಬಸವನಗುಡಿ:
ಅಕ್ಕಾವ್ರೇ, ಮುರಿಯುವುದು ನಿಮ್ಮ ಕೈಯ ದೋಷವಲ್ಲ. ಮರದ ನಾರು ಒಂದೇ ದಿಕ್ಕಿನಲ್ಲಿ ಓಡುತ್ತದೆ. ಪಟ್ಟಿ ಅದಕ್ಕೆ ಅಡ್ಡವಾಗಿ ತಿರುಗಿದಲ್ಲಿ ಉದ್ದನೆಯ ನಾರಿನ ಆಸರೆಯೇ ಇರುವುದಿಲ್ಲ. ಮರದಲ್ಲೇ ಮಾಡುವ ಹಟವಿದ್ದರೆ ಆರಪಾರು ಕೊರೆಯಬೇಡಿ, ಹಿಂದೆ ತೆಳುವಾದ ನೆಲ ಉಳಿಸಿಕೊಂಡು ಗಂಟನ್ನು ಉಬ್ಬಾಗಿ ಕೆತ್ತಿ. ಐರ್ಲೆಂಡಿನಲ್ಲೂ ಸಾವಿರಾರು ವರ್ಷ ಜೌಗುನೆಲದಲ್ಲಿ ಹೂತು, ಅಲ್ಲಿನ ಕಬ್ಬಿಣದ ಅಂಶ ಮರದ ಒಗರಿನೊಂದಿಗೆ ಬೆರೆತು ಕಪ್ಪಾದ ಓಕ್ ಮರದಲ್ಲಿ 19ನೆಯ ಶತಮಾನದಲ್ಲಿ ಒಡವೆಗಳನ್ನು ಕೆತ್ತುತ್ತಿದ್ದರು. ವಿಕ್ಟೋರಿಯಾ ಕಾಲದವರು ಅವನ್ನು ಶೋಕದ ಒಡವೆಯಾಗಿಯೂ ತೊಡುತ್ತಿದ್ದರು.

ಕರಟ ಖಂಡಿತ ತಾಳುತ್ತದೆ, ನಾರಿನ ಕಾಟ ಅದರಲ್ಲಿ ಅಷ್ಟಿಲ್ಲ. ಆದರೆ ಅದು ಬಾಗಿರುವುದರಿಂದ ಪದಕ 3 ಸೆಂ.ಮೀ. ಮೀರದಿರಲಿ. ಚೆನ್ನಾಗಿ ಬಲಿತ ಕಾಯಿಯ ಚಿಪ್ಪನ್ನೇ ಆರಿಸಿ, ಗಂಟಿನ ಕಿಂಡಿಗಳನ್ನು ಮೊದಲು ಕೊರೆದು, ಹೊರಗಿನ ಆಕಾರವನ್ನು ಕೊನೆಗೆ ಕತ್ತರಿಸಿ. ಹಿಡಿದುಕೊಳ್ಳಲು ಸುತ್ತ ಜಾಗವಿದ್ದಷ್ಟೂ ಒಳ್ಳೆಯದು. 120ರಿಂದ ಶುರುಮಾಡಿ 1000ದ ಉಜ್ಜುಕಾಗದದವರೆಗೆ ಉಜ್ಜಿ, ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿದರೆ ಬೀಟೆಮರವನ್ನು ನಾಚಿಸುವ ಹೊಳಪು ಬರುತ್ತದೆ. ಧೂಳು ಬಹಳ ನವುರಾಗಿರುತ್ತದೆ, ಮಾಸ್ಕ್ ಹಾಕದೆ ಕೂರಬೇಡಿ.

ಗುಲಗಂಜಿ ಮಾತ್ರ ಬೇಡ. ಸಿಪ್ಪೆ ಗಟ್ಟಿಯಿರುವವರೆಗೆ ಸರಿ, ಆದರೆ ಪೋಣಿಸಲು ತೂತು ಮಾಡಿದ ಕೂಡಲೇ ಒಳಗಿನ ಅಬ್ರಿನ್ ಎಂಬ ಘೋರ ವಿಷಕ್ಕೆ ದಾರಿಯಾಗುತ್ತದೆ. ಕರಟದಲ್ಲೇ ಸಣ್ಣ ಬಿಲ್ಲೆಗಳನ್ನು ಕೊರೆದು ಹತ್ತಿಯ ದಾರಕ್ಕೆ ಪೋಣಿಸಿ.

ಹಸ್ತಪ್ರತಿ ಪ್ರಿಯ:
ಒಂದು ಕಿವಿಮಾತು. ಈ ಗಂಟಿಗೆ ‘ಅಮರ ಪ್ರೇಮ’ ಎಂದೂ ಆ ಗಂಟಿಗೆ ‘ಶೌರ್ಯ’ ಎಂದೂ ಮಾರುವವರು ಹೇಳುವ ಅರ್ಥಗಳಲ್ಲಿ ಹೆಚ್ಚಿನವು ಇತ್ತೀಚಿನವು; ತಂಗಿಗೆ ಕೊಡುವಾಗ ಅಂಥ ಚೀಟಿ ಅಂಟಿಸಬೇಡಿ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ, ಸುಮಾರು ಕ್ರಿ.ಶ. 800ರ ಕೆಲ್ಸ್ ಗ್ರಂಥದ ಹೆಣಿಗೆಗಳು ಸುವಾರ್ತೆಯ ಪುಟಗಳನ್ನು ಸಿಂಗರಿಸಿದವು. ಐರ್ಲೆಂಡಿನ ಪುರಾತನ ಕಲ್ಲಿನ ಸಮಾಧಿಯಾದ ನ್ಯೂಗ್ರೇಂಜಿನ ಮೂರು ಸುರುಳಿಯ ಚಿತ್ರವಂತೂ ಸುಮಾರು ಕ್ರಿ.ಪೂ. 3200ರದು, ಕೆಲ್ಟರಿಗಿಂತ ಬಹಳ ಹಿಂದಿನದು. ಅದನ್ನೂ ಈಗ ಕೆಲ್ಟಿಕ್ ಒಡವೆಯೆಂದೇ ಮಾರುತ್ತಾರೆ.

ಮಲ್ಲೇಶ್ವರದ ಅಕ್ಕ:
ಎಲ್ಲರಿಗೂ ಧನ್ಯವಾದಗಳು. 3×4ರಲ್ಲಿ ಬರೆದು ನೋಡಿದೆ, ಒಂದೇ ಎಳೆ ಬಂತು. ನಿನ್ನೆ ಚಟ್ನಿಗೆ ಒಡೆದ ಕಾಯಿಯ ಕರಟವನ್ನು ಒಣಗಲು ಇಟ್ಟಿದ್ದೇನೆ. ಮನೆಯವರಿಗೆ ಎಸೆಯಬೇಡಿರೆಂದು ಎರಡು ಸಲ ಹೇಳಿಯಾಯಿತು.